ಗೂಟ

ತಲೆಗೆ ಎಣ್ಣೆ ಸೋಕಿಸಬೇಡಿ, ಬರೀ ಶಾಂಪೂ ಹಾಕಿ ತೊಳೆದು, ಚೆನ್ನಾಗಿ ಒಣಗಿಸಿ ಕರ್ಕೊಂಡು ಬನ್ನಿ ಅಂತ ರಾಮನಗರದ ಆಸ್ಪತ್ರೆಯಿಂದ ಫೋನು ಮಾಡಿದ ಹುಡುಗಿ ಹೇಳಿದ್ದಳು. ಕರ್ಕೊಂಡು ಬನ್ನಿ ಅಂದ ಮಾತಿಗೆ ಭಾನುಪ್ರಿಯಳಿಗೆ ನಗು ಬಂದಿತ್ತು. ಕೈ ಹಿಡಿದರೆ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಡುವವನ ಬಗ್ಗೆ ಆಡುವ ಮಾತು ಅದು. ಈಗ ಬೆಳಗಿನ ಬಿಸಿಲು ಇನ್ನೂ ಕಿಟಕಿಯ ಸರಳು ಮುಟ್ಟುವ ಮುಂಚೆ ಅವಳು ಗಂಡನ ಹೆಗಲ ಕೆಳಗೆ ದಿಂಬು ಕೊಟ್ಟು, ತಲೆಯನ್ನು ಮಂಚದ ಅಂಚಿನಿಂದ ಹೊರಕ್ಕೆ ಇಳಿಬಿಟ್ಟು, ಕೆಳಗೆ ಬೇಸಿನ್ನು ಇಟ್ಟು, ಚೊಂಬಿನಿಂದ ನೀರು ಹುಯ್ಯುತ್ತಿದ್ದಳು. ಮಧುಕುಮಾರನ ಕಣ್ಣು ತೆರೆದೇ ಇತ್ತು. ಬಿಡದಿಯ ಕಂಪನಿಯಿಂದ ಶಿಫ್ಟು ಮುಗಿಸಿ ಬರುವಾಗ, ಮಾಗಡಿ ದಾಟಿದ ಮೇಲೆ, ಹಿಂದೀಪವಿಲ್ಲದ ಟ್ರಾಕ್ಟರಿಗೆ ಬೈಕು ನುಗ್ಗಿಸಿ ಬಿದ್ದು ವರ್ಷ ತುಂಬುತ್ತ ಬಂದಿತ್ತು. ಅವತ್ತಿನಿಂದ ಆ ಕಣ್ಣು ಬೆಳಗಾದರೆ ತೆರೆಯುತ್ತಿತ್ತು, ಕತ್ತಲಾದರೆ ಮುಚ್ಚುತ್ತಿತ್ತು, ನಡುವೆ ಯಾರನ್ನೂ ನೋಡುತ್ತಿರಲಿಲ್ಲ. ನೀರು ಹಣೆಯ ಹೊಲಿಗೆಯ ಗೆರೆ ಹಿಡಿದು ಹರಿದು ಕಿವಿಯ ಹೊಂಡಕ್ಕೆ ಇಳಿಯಿತು. ಹೆಗಲ ಮೇಲಿನ ಟವಲ್ಲಿನ ತುದಿಯನ್ನು ಹುರಿಮಾಡಿ ಒರೆಸಲು ಬಗ್ಗಿದವಳು ಹಾಗೇ ನಿಂತಳು. ಆ ಕಿವಿಯನ್ನು ಅವಳು ದಿನಾ ಒರೆಸುತ್ತಿದ್ದಳು, ಮೂಗಿನ ನಳಿಗೆ ಒರೆಸಿದ ಹಾಗೆ, ಮಂಚದ ಕಾಲು ಒರೆಸಿದ ಹಾಗೆ. ಇವತ್ತು ಅದು ಬಾಗಿಲಂತೆ ಕಂಡಿತು. ವರ್ಷದಿಂದ ಅವಳು ಈ ಬಾಗಿಲ ಮುಂದೆ ನಿಂತು ಆಡಿದ್ದನ್ನೆಲ್ಲ ಒಬ್ಬ ಮನುಷ್ಯ ಒಳಗೆ ಚಿಲಕ ಹಾಕಿಕೊಂಡು ಕೂತು ಕೇಳಿಸಿಕೊಂಡಿದ್ದರೆ?

"ನೆತ್ತಿಗಾದ್ರೂ ಒಸಿ ಹರಳೆಣ್ಣೆ ಇಡೇ, ತಂಪಾಗ್ಲಿ," ಅಂದಳು ಅತ್ತೆ ದೊಡ್ಡಲಕ್ಷ್ಮಮ್ಮ, ಬಾಗಿಲಲ್ಲಿ ಬಟ್ಟಲು ಹಿಡಿದು.

"ಬ್ಯಾಡ ಅಂದವ್ರೆ ಅತ್ತೆ. ಎಣ್ಣೆ ಇದ್ರೆ ಮಿಷಿನ್ನು ಹಿಡಿಯಾಕಿಲ್ವಂತೆ."

"ಹಿಡೀದಿದ್ರೆ ಕತ್ತೆ ಬಾಲ. ನಂಗ್ಯಾಕೆ ಮಿಷಿನ್ನು? ಹೆತ್ತೋಳಿಗೆ ಗೊತ್ತಾಗಾಕಿಲ್ವಾ? ನಾನು ಮಗಾ ಅಂದ್ರೆ ಸಾಕು, ಕಣ್ಣಲ್ಲಿ ನೀರ್ ತುಂಬ್ಕೊತದೆ ನನ್ ಕಂದ."

ನೀರು ತುಂಬಿಕೊಳ್ಳುತ್ತಿದ್ದದ್ದು ನಿಜ. ಫ್ಯಾನು ಹಾಕಿದರೂ ತುಂಬಿಕೊಳ್ಳುತ್ತಿತ್ತು, ಒಗ್ಗರಣೆಯ ಘಾಟಿಗೂ ತುಂಬಿಕೊಳ್ಳುತ್ತಿತ್ತು. ಭಾನುಪ್ರಿಯ ಇನ್ನೊಂದು ಚೊಂಬು ನೀರು ಹುಯ್ದಳು.

"ಇವತ್ತು ಗೊತ್ತಾಯ್ತದೆ ಬುಡು," ಅತ್ತೆ ಬಂದು ಮಂಚದ ತುದಿಗೆ ಕೂತು ಮಗನ ಪಾದ ಒತ್ತಿದಳು. "ಒಳಗವ್ನೆ ಅಂತ ಕಂಡ್ರೆ ಅಲ್ಲೇ ಸೇರಿಸ್ಕಂಡು ಕಲಿಸ್ತಾರಂತೆ. ರೆಪ್ಪೆ ಒಂದ್ಸಲ ಹೊಡುದ್ರೆ ಹೂಂ, ಎರಡ್ಸಲ ಹೊಡುದ್ರೆ ಊಹೂಂ. ಅಷ್ಟ್ ಕಲ್ತ ಅಂದ್ರೆ ನಾನ್ ಮೊದ್ಲು ಏನ್ ಕೇಳ್ತೀನಿ ಹೇಳು?"

"ಏನು?"

"ನಿನ್ ಹೆಂಡ್ರು ಸರ್ಯಾಗ್ ನೋಡ್ಕಂಡ್ಳೇನೋ ಮಗಾ, ಅಂತ." ಅತ್ತೆ ನಕ್ಕಳು. ಮುಂದಿನ ಹಲ್ಲಿಲ್ಲದ ಆ ನಗುವಿನಲ್ಲಿ ತಮಾಷೆ ಎಷ್ಟಿತ್ತು, ಎಚ್ಚರಿಕೆ ಎಷ್ಟಿತ್ತು ಅಂತ ಭಾನುಪ್ರಿಯಳಿಗೆ ಎಂಟು ವರ್ಷದಲ್ಲಿ ಒಂದು ಸಲವೂ ತಿಳಿದಿರಲಿಲ್ಲ.

ಸರಿಯಾಗಿ ನೋಡಿಕೊಂಡಿದ್ದಳು, ಅದರಲ್ಲಿ ಎರಡು ಮಾತಿಲ್ಲ. ಬೆನ್ನು ಹುಣ್ಣಾಗದ ಹಾಗೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿದ್ದಳು, ನಳಿಗೆಯಲ್ಲಿ ಗಂಜಿ ಬಿಟ್ಟಿದ್ದಳು, ಗಂಟಲ ಕಫ ತೆಗೆದಿದ್ದಳು, ಹೇಲು ಉಚ್ಚೆ ಬಾಚಿದ್ದಳು. ಊರವರು ಬಂದು ನೋಡಿ ಭಾನುಪ್ರಿಯಳಂಥ ಹೆಂಡತಿ ಸಿಕ್ಕಬೇಕು ಅಂತ ಹೇಳಿ ಹೋಗಿದ್ದರು. ಮಾತಿನ ಲೆಕ್ಕ ಬೇರೆ. ಮೊದಲು ಅವಳ ಬಾಯಿಂದ ಬಂದದ್ದು ಬೈಗುಳವೂ ಅಲ್ಲ. ಬರೀ ಒಂದು 'ನೀನು'. ಆಸ್ಪತ್ರೆಯಿಂದ ಮನೆಗೆ ತಂದು ಒಂದು ತಿಂಗಳಾಗಿರಬೇಕು, ಅವನನ್ನು ಪಕ್ಕಕ್ಕೆ ಉರುಳಿಸುವಾಗ ಸತ್ತ ತೋಳು ಬಂದು ಅವಳ ಮುಖಕ್ಕೆ ಬಡಿಯಿತು, ತುಟಿ ಹಲ್ಲಿಗೆ ತಾಗಿ ರಕ್ತ ಬಂತು, "ಸುಮ್ನಿರ್ತೀಯಾ ನೀನು!" ಅಂದುಬಿಟ್ಟಳು. ಅಂದವಳೇ ಬೆದರಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಅವನ ಮುಖ ನೋಡಿದಳು. ಅಲ್ಲೂ ಯಾರೂ ಇರಲಿಲ್ಲ. ಮದುವೆಯಾದಂದಿನಿಂದ ನೀವು, ರೀ, ಇಲ್ಲದಿದ್ದರೆ ಬಳೆಯ ಸದ್ದು. ಇಷ್ಟರಲ್ಲೇ ಗಂಡನನ್ನು ಕರೆದಿದ್ದವಳಿಗೆ ಆ ನೀನು ಬಾಯಲ್ಲಿ ಹುಣಸೆಹಣ್ಣಿಟ್ಟ ಹಾಗೆ ಜುಂ ಅಂದಿತು. ಮಾರನೆಯ ದಿನ ಬೇಕಂತಲೇ ಇನ್ನೊಂದು ಸಲ ಅಂದು ನೋಡಿದಳು. ಆಮೇಲೆ ಒಂದು ದಿನ ಅವನ ಮೀಸೆ ಬೋಳಿಸಿ, ಕನ್ನಡಿ ತೋರಿಸಿ ಆಡಿಕೊಂಡು, ಗಂಜಿ ಮೆತ್ತುತ್ತೆ ಅಂತ ನರ್ಸಮ್ಮ ಹೇಳಿದ್ದರು ಅಂತ ಅತ್ತೆಗೆ ಸುಳ್ಳು ಹೇಳಿದಳು. ಅವನು ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು ಓಡಾಡುತ್ತಿದ್ದದ್ದು ತಲೆಗಲ್ಲ, ಆ ಮೀಸೆಗೆ. ಇನ್ನೊಂದು ಮಧ್ಯಾಹ್ನ ಅವನ ಮೂಗಿನ ಮೇಲೆ ನೊಣ ಕೂತು, ಕಣ್ಣಿನ ಮೂಲೆಗೆ ಹೋಗಿ, ತುಟಿಗೆ ಇಳಿದು, ಮತ್ತೆ ಮೂಗಿಗೆ ಹತ್ತುವ ತನಕ ಕೈಯಲ್ಲಿ ಬೀಸಣಿಗೆ ಹಿಡಿದುಕೊಂಡೇ ನೋಡುತ್ತ ನಿಂತಿದ್ದಳು.

ಆಮೇಲೆ ಕಥೆ ಶುರುವಾಯಿತು. ಅತ್ತೆ ಹಾಲಿನ ಡೇರಿಗೋ ಹೊಲಕ್ಕೋ ಹೋದ ಹೊತ್ತು, ಗಂಜಿಯ ಸಿರಿಂಜು ಎತ್ತಿ ಹಿಡಿದು, ಅವನ ಕಿವಿಗೆ ಬಗ್ಗಿ, ಅವನ ಜೊತೆ ತಾನು ಕಳೆದ ದಿನಗಳನ್ನು ಒಂದಾದ ಮೇಲೊಂದು, ಮದುವೆಯ ಮಾರನೆಯ ದಿನದಿಂದ ಹಿಡಿದು, ಅವನಿಗೇ ಹೇಳುತ್ತ ಬಂದಿದ್ದಳು. ಪ್ರತಿ ದಿನದ ಕಥೆಯ ಮೊದಲಿಗೂ ಕೊನೆಗೂ ಅವನನ್ನು ಒಂದು ಹೆಸರು ಇಟ್ಟು ಕರೆಯುತ್ತಿದ್ದಳು. ಆ ಹೆಸರು ಅವಳದ್ದೇ ಆಗಿತ್ತು, ಅಂದರೆ ಅವನು ಅವಳಿಗೆ ಇಟ್ಟದ್ದು. ಮದುವೆಯ ಹೊಸದರಲ್ಲಿ ಕಂಪನಿಯ ಗೆಳೆಯರನ್ನು ಊಟಕ್ಕೆ ಕರೆದಿದ್ದ, ಏನು ಬಡಿಸಬೇಕೋ ಯಾವಾಗ ಬಡಿಸಬೇಕೋ ತಿಳಿಯದೆ ಅವಳು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. "ಯಾಕಮ್ಮಿ, ಕೊಟ್ಟಿಗೇಲ್ ಗೂಟ ಹೊಡ್ದಂಗೆ ನಿಂತ್ಬುಟ್ಟೆ?" ಅಂದ. ಎಲೆಯ ಮುಂದಿದ್ದವರೆಲ್ಲ ನಕ್ಕರು. ಅತ್ತೆ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಮಾತು ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಗೂಟ, ನೀರ್ ಕೊಡು. ಗೂಟ ಎಲ್ ಸತ್ಲು? ಏನ್ಲಾ ಮಧು, ನಿಮ್ಮನೆ ಗೂಟ ಹೆಂಗವ್ಳೆ? ಕನಕಪುರದ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ್ದ ಹುಡುಗಿ ಅದನ್ನು ಮುದ್ದಿನ ಹೆಸರು ಅಂತ ನಂಬಲು ಕೆಲವು ತಿಂಗಳು ಒದ್ದಾಡಿದಳು, ಹೊಡೆಯುವಾಗಲೂ ಅದೇ ಹೆಸರಿನಿಂದ ಕರೆದಾಗ ನಂಬುವುದನ್ನು ಬಿಟ್ಟಳು. ಈಗ ಅಲ್ಲಾಡದೆ ಬಿದ್ದಿರುವವನು ಅವನು. ಗೂಟ ಯಾರು ಈಗ? ಅವಳು ಬಗ್ಗಿ ಕಿವಿಯಲ್ಲಿ ಹೇಳುತ್ತಿದ್ದಳು: ಗೂಟ. ಗೂಟ, ಕೇಳ್ತಾ ಐತಾ? ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದ ಹಾಗೆ ಕಾಯುತ್ತಿದ್ದಳು. ಸದ್ದು ಬರುತ್ತಿರಲಿಲ್ಲ. ಬಂದರೆ ಸಾಯಬೇಕು ಅನ್ನಿಸುತ್ತಿತ್ತು, ಬರದೇ ಹೋದರೆ ಇಷ್ಟೆಲ್ಲ ಮಾತು ಯಾರಿಗೆ ಆಡಿದೆ ಅನ್ನಿಸುತ್ತಿತ್ತು.

ಪೀರ್ ಸಾಬ್‌ ತನ್ನ ಬಾಡಿಗೆ ಓಮ್ನಿ ವ್ಯಾನನ್ನು ಅಂಗಳದ ತನಕ ತಂದ. ಅವರ ಊರಾದ ಗುಡೇಮಾರನಹಳ್ಳಿಯ ನಾಲ್ಕು ಜನ ಕೈ ಹಾಕಿ ಮಧುಕುಮಾರನನ್ನು ಹಾಸಿಗೆ ಸಮೇತ ಎತ್ತಿ ಒಳಗೆ ಸೇರಿಸಿದರು. ದಾರಿಯುದ್ದಕ್ಕೂ ಅತ್ತೆ ಮಗನ ಎದೆಯ ಮೇಲೆ ಕೈಯಿಟ್ಟು, ಮಾಗಡಿ ಬಂತು ಕಣೋ, ನೋಡೋ ನೀನು ಬಸ್ ಹತ್ತೋ ಸ್ಟ್ಯಾಂಡು, ಬಂಡೆಗಳು ಬಂದ್ವು ನೋಡೋ ಮಗಾ, ಅಂತ ಹೇಳುತ್ತಲೇ ಇದ್ದಳು. ಭಾನುಪ್ರಿಯ ಅವನ ಕಾಲ ಹತ್ತಿರ ಮುದುರಿ ಕೂತು, ನಿನ್ನೆ ಹೇಳುತ್ತ ಅರ್ಧಕ್ಕೆ ಬಿಟ್ಟದ್ದರ ಬಗ್ಗೆ ಯೋಚಿಸುತ್ತಿದ್ದಳು. ನಿನ್ನೆಯ ಸರದಿ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿನದು. ಅಷ್ಟರಲ್ಲಿ ಅತ್ತೆ ಡೇರಿಯಿಂದ ಬೇಗ ಬಂದುಬಿಟ್ಟಳು, ಬಾಯಿ ಮುಚ್ಚಬೇಕಾಯಿತು. ಅರ್ಧಕ್ಕೆ ನಿಂತ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಇವನ ಗಂಟಲಲ್ಲೂ ಸಿಕ್ಕಿಕೊಂಡಿದೆಯೋ ಏನೋ. ಆಮೇಲೇನಾಯಿತು ಅಂತ ಇವನೂ ಕಾಯುತ್ತಿರಬಹುದೇ? ಆ ಯೋಚನೆಗೆ ಅವಳಿಗೆ ಮೈ ಬೆಚ್ಚಗಾಯಿತು, ಹಿಂದೆಯೇ ಹೇಸಿಗೆಯಾಯಿತು.

ಪರೀಕ್ಷೆಯ ಕೋಣೆಯಲ್ಲಿ ಫೋನು ಮಾಡಿದ್ದ ಹುಡುಗಿಯೇ ಇದ್ದಳು. ಚೈತನ್ಯ ಅಂತ ಹೆಸರು, ಮಾತು ಜಾಸ್ತಿ. ಮಧುಕುಮಾರನ ತಲೆಗೆ ಬಟ್ಟೆಯ ಟೊಪ್ಪಿಯೊಂದನ್ನು ಎಳೆದು ತೊಡಿಸಿ, ಅದರ ತೂತು ತೂತಿಗೂ ತಣ್ಣನೆಯ ಅಂಟು ತುಂಬುತ್ತ, ಸೂಜಿಯಿಲ್ಲದ ಸಿರಿಂಜಿನ ಮೊಂಡು ತುದಿಯಿಂದ ಚರ್ಮವನ್ನು ಕೆರೆಯುತ್ತ, ಕೆರೆದಾಗ ನೋವಾಗಲ್ಲ ಅಂತ ಅವನಿಗೇ ಸಮಾಧಾನ ಹೇಳುತ್ತ ಇದ್ದಳು. ಬಣ್ಣಬಣ್ಣದ ತಂತಿಗಳು ಜಡೆಯ ಹಾಗೆ ಹೆಣೆದುಕೊಂಡು ಹಿಂದಿನ ಪೆಟ್ಟಿಗೆಗೆ ಹೋಗಿದ್ದವು. ಮೀಸೆಯಿಲ್ಲದ ಮುಖಕ್ಕೆ ಆ ಟೊಪ್ಪಿ ಸೇರಿ, ಕುಲಾವಿ ಕಟ್ಟಿದ ಕೂಸಿನಂತಾಗಿದ್ದ.

"ಆರು ಪದ ಕೇಳಿಸ್ತೀವಿ," ಚೈತನ್ಯ ಹೇಳಿದಳು. "ಒಂದು ಇವರ ಹೆಸರು. ಉಳಿದ ಐದು ಇವರಿಗೆ ಏನೂ ಸಂಬಂಧ ಇಲ್ಲದ ಪದ. ಕಲಸಿ ಕಲಸಿ, ತುಂಬಾ ಹೊತ್ತು ಕೇಳಿಸ್ತಾನೇ ಇರ್ತೀವಿ. ಸಂಬಂಧ ಇಲ್ಲದ್ದನ್ನ ಮಿದುಳು ಕೇಳಿ ಬಿಟ್ಟುಬಿಡುತ್ತೆ. ತನ್ನ ಹೆಸರು ಬಂದಾಗ ಮಾತ್ರ ಆ? ಅಂತ ತಿರುಗಿ ನೋಡುತ್ತೆ. ಮೈ ಅಲ್ಲಾಡದೆ ಇದ್ರೂ ಪರವಾಗಿಲ್ಲ, ಪರದೆ ಮೇಲಿನ ಗೆರೆಯಲ್ಲಿ ಒಂದು ದಿಬ್ಬ ಏಳುತ್ತೆ. ಅದು ಎದ್ರೆ ಒಳಗೆ ಗಮನ ಇದೆ ಅಂತ."

"ಏಳ್ತದೆ ಕಣವ್ವ, ಏಳ್ದೆ ಏನು," ಅಂದಳು ಅತ್ತೆ.

"ಹತ್ತಿರದವರ ದನಿ ಆದ್ರೆ ಒಳ್ಳೇದು. ಅಮ್ಮ, ನೀವೇ ಕರೀರಿ, ರೆಕಾರ್ಡ್ ಮಾಡ್ಕೊಂಡು ಅದನ್ನೇ ಕೇಳಿಸ್ತೀವಿ. ಮಧು, ಅಷ್ಟೇ. ಗಟ್ಟಿಯಾಗಿ, ಚಿಕ್ಕದಾಗಿ."

ದೊಡ್ಡಲಕ್ಷ್ಮಮ್ಮ ಮೈಕಿಗೆ ಬಾಯಿಟ್ಟು ಮಧೂ ಅಂದಳು. ಆ ಊ ಎಳೆದುಕೊಂಡು ಹೋಗಿ ಅಳುವಾಯಿತು. ಇನ್ನೊಂದು ಸಲ ಅಂದಳು, ನನ್ನಪ್ಪಾ ಅನ್ನುವುದೂ ಹಿಂದೆಯೇ ಬಂತು. ಮೂರನೆಯ ಸಲಕ್ಕೆ ಚೈತನ್ಯ ಮೈಕನ್ನು ಮೆಲ್ಲಗೆ ಎತ್ತಿ ಭಾನುಪ್ರಿಯಳ ಕಡೆ ತಿರುಗಿಸಿದಳು.

"ನಾನಾ?"

"ಹೂಂ ಮೇಡಂ. ಮನೇಲಿ ಹೇಗೆ ಕರೀತೀರೋ ಹಾಗೇ."

"ಗಂಡನ್ ಹೆಸ್ರುನ್ನ ಹೆಂಡ್ರು ಬಾಯಲ್ಲಿ ಹೇಳುಸ್ತೀರಾ?" ಅತ್ತೆ ಮೂಗು ಒರೆಸಿಕೊಳ್ಳುತ್ತ ಅಂದಳು. "ಅವ್ಳು ಒಂದ್ ದಿನಾನೂ ಕರ್ದವಳಲ್ಲ. ಹೇಳು, ಹೇಳು, ಏನ್ ಮಾಡೋದು. ಸೂಜಿ ಚುಚ್ಚಿಸ್ಕಂಡಂಗೆ ಅಂದ್ಕೊ."

ವರ್ಷದಿಂದ ಈ ಕಿವಿಗೆ ಎಂತೆಂಥದ್ದೋ ಹುಯ್ದ ಭಾನುಪ್ರಿಯಳ ನಾಲಿಗೆ ಒಂದು ಹೆಸರಿನ ಮುಂದೆ ಬಂದು ತೊದಲಿತು. ಮಧು. ಅಷ್ಟು ಸಣ್ಣದು. ಅತ್ತೆ ನೋಡುತ್ತಿದ್ದಳು, ಆ ಹುಡುಗಿ ನೋಡುತ್ತಿದ್ದಳು, ಬೀದಿಯಲ್ಲಿ ಸೀರೆ ಜಾರಿದ ಹಾಗಾಯಿತು. ಅಂದಾಗ ಬಂದದ್ದು ಬೇರೆ ಯಾರದೋ ದನಿ, ರೇಷನ್ ಅಂಗಡಿಯಲ್ಲಿ ಹೆಸರು ಕೂಗುವವನ ದನಿ. "ಸಾಕು, ಚೆನ್ನಾಗಿದೆ," ಅಂದಳು ಚೈತನ್ಯ. "ಈಗ ಬೇರೆ ಐದು. ಎರಡಕ್ಷರದ್ದೇ ಬೇಕು. ಮನೇಲಿ ದಿನಾ ಆಡೋವು. ಮಧು ಅಂದ ಹಾಗೇ, ಅದೇ ದನಿ, ಹೆಚ್ಚಿಲ್ಲ ಕಮ್ಮಿ ಇಲ್ಲ."

"ಹಾಲು," ಅಂದಳು ಭಾನುಪ್ರಿಯ. "ಮೊರ. ಬೀಗ. ದೀಪ."

"ಇನ್ನೊಂದು."

ಚಾಪೆ ಅನ್ನಬಹುದಿತ್ತು. ಸೌದೆ, ತಟ್ಟೆ, ಬೆಲ್ಲ, ಏನು ಬೇಕಾದರೂ ಅನ್ನಬಹುದಿತ್ತು. ಅವನ ತಲೆಯ ಬಿಳಿ ಟೊಪ್ಪಿಯನ್ನೇ ನೋಡುತ್ತಿದ್ದವಳ ಬಾಯಿಂದ ಗೂಟ ಅಂತ ಬಂತು. ಜಾರಿ ಬಂತೋ, ತಾನೇ ತಳ್ಳಿದಳೋ, ಅದು ಅವಳಿಗೆ ಆಮೇಲೂ ಬಗೆಹರಿಯಲಿಲ್ಲ. ಅತ್ತೆ ಅಳು ನಿಲ್ಲಿಸಿ ಅವಳ ಕಡೆ ತಟಕ್ಕನೆ ನೋಡಿದಳು. ಚೈತನ್ಯ ಮಾತ್ರ ಖುಷಿಯಾಗಿ, "ಸೂಪರ್, ಹಳ್ಳಿ ಮನೆ ಪದ," ಅಂದಳು.

ಇಬ್ಬರನ್ನೂ ಗಾಜಿನ ಆಚೆ ಕೂರಿಸಿದರು. ಅವನ ಕಿವಿಗೆ ಹೆಡ್‌ಫೋನು ಹಾಕಿದರು, ದೀಪ ಸಣ್ಣದು ಮಾಡಿದರು. ಈಚೆ ಏನೂ ಕೇಳಿಸುತ್ತಿರಲಿಲ್ಲ. ಪರದೆಯ ಮೇಲೆ ಹತ್ತಾರು ಗೆರೆಗಳು ಗಾಳಿಗೆ ಸಿಕ್ಕಿದ ದಾರದ ಹಾಗೆ ನಡುಗುತ್ತ ಎಡದಿಂದ ಬಲಕ್ಕೆ ಓಡುತ್ತಿದ್ದವು. ಅತ್ತೆ ಪ್ರತಿ ನಡುಕಕ್ಕೂ ಕೈ ಮುಗಿದಳು. ಭಾನುಪ್ರಿಯಳಿಗೆ ಗಾಜಿನ ಆಚೆಯ ಮನುಷ್ಯನ ಬಗ್ಗೆ ಮೊದಲ ಸಲ ಒಂಥರಾ ಮರುಕ ಬಂತು. ತಪ್ಪಿಸಿಕೊಳ್ಳುವ ಹಾಗಿಲ್ಲ, ಕಿವಿ ಮುಚ್ಚಿಕೊಳ್ಳುವ ಹಾಗಿಲ್ಲ, ಅವಳ ದನಿಯೇ ಹಾಲು ಮೊರ ಬೀಗ ಮಧು ದೀಪ ಗೂಟ ಅಂತ ನೂರಾರು ಸಲ ಕುಟ್ಟುತ್ತಿದೆ. ಅಡುಗೆಮನೆಯ ಬಾಗಿಲಲ್ಲಿ ಅವಳಿಗೂ ಹೀಗೇ ಕುಟ್ಟಿತ್ತಲ್ಲ. ಮರುಕ ಬಂದ ಹಾಗೇ ಹೋಯಿತು. ಏಳಬೇಡ, ಅಂದುಕೊಂಡಳು. ಎದ್ದರೆ ರೆಪ್ಪೆ ಹೊಡೆಯುವುದು ಕಲಿಸುತ್ತಾರೆ, ಅತ್ತೆ ಕೇಳುತ್ತಾಳೆ, ನೀನು ಎರಡು ಸಲ ಹೊಡೆಯುತ್ತೀಯ. ಆಮೇಲೆ ಊರಲ್ಲಿ ತಲೆಯೆತ್ತಿಕೊಂಡು ನಡೆಯುವುದು ಹೇಗೆ? ಇನ್ನೂ ಆಮೇಲೆ, ನಾಲಿಗೆ ಬಂದರೆ, ಕೈ ಬಂದರೆ? ಏಳಬೇಡ. ಹಾಗೆ ಅಂದುಕೊಳ್ಳುತ್ತಿರುವಾಗಲೇ, ಎದ್ದೇಳೋ, ಒಂದು ಸಲ ತಿರುಗಿ ನೋಡೋ ಅಂತ ಇನ್ನೊಂದು ದನಿ ಹೊಟ್ಟೆಯಲ್ಲಿ ಕಿರುಚುತ್ತಿತ್ತು.

ಡಾಕ್ಟರು ಅನಂತರಾಜು ಬರುವ ಹೊತ್ತಿಗೆ ಪರದೆಯ ಮೇಲೆ ಆರೇ ಗೆರೆ ಇದ್ದವು. ಒಂದೊಂದು ಪದಕ್ಕೂ ಎದ್ದ ಅಲೆಗಳನ್ನೆಲ್ಲ ಸೇರಿಸಿ ಒಂದೊಂದು ಗೆರೆ ಮಾಡಿದ್ದೇನೆ ಅಂದಳು ಚೈತನ್ಯ. ಹಸಿರು ಗೆರೆ ಹೆಸರಿನದು. ಅದು ಒಣಹಾಕಲು ಕಟ್ಟಿದ ಹಗ್ಗದಂತೆ, ಒಸಿ ಜೋತು, ನೆಟ್ಟಗೆ ಹೋಗಿತ್ತು.

"ಹೆಸರಿಗೆ ಏನೂ ಇಲ್ಲ," ಅಂದರು ಡಾಕ್ಟರು. ಆಯಾಸದ ಮನುಷ್ಯ, ಬೆಳಗಿನಿಂದ ಕಾಫಿ ಕುಡಿದಂತೆ ಕಾಣಲಿಲ್ಲ.

"ಸಾರ್, ಇಲ್ಲಿ ನೋಡಿ. ಕೊನೇದು."

ಕೊನೆಯ ಗೆರೆ ಎಲ್ಲದರ ಜೊತೆ ಹೊರಟು, ಸ್ವಲ್ಪ ದೂರ ಸುಮ್ಮನೆ ಬಂದು, ಇದ್ದಕ್ಕಿದ್ದ ಹಾಗೆ ಮೇಲೆ ಎದ್ದಿತ್ತು. ರಾಮನಗರದ ಬಯಲಲ್ಲಿ ಏನೂ ಕಾರಣವಿಲ್ಲದೆ ಏಳುವ ಒಂಟಿ ಬಂಡೆಯ ಹಾಗೆ ಎದ್ದು, ಬೆನ್ನು ಉಬ್ಬಿಸಿ, ಇಳಿದು, ಮತ್ತೆ ಗೆರೆಯಾಗಿತ್ತು.

"ಯಾವ ಪದ ಇದು?"

"ಗೂಟ."

ಡಾಕ್ಟರಿಗೆ ನಗು ಬಂತು. ನಕ್ಕು, ಕುರ್ಚಿ ಎಳೆದು ಕೂತು, ಪರದೆಗೆ ಹತ್ತಿರ ಬಗ್ಗಿದರು. ಆಮೇಲೆ ನಗಲಿಲ್ಲ. "ಯಾರು ಕೊಟ್ಟ ಪದ?"

ಭಾನುಪ್ರಿಯ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಆ ದಿಬ್ಬವನ್ನೇ ನೋಡುತ್ತಿದ್ದಳು. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಎದೆಯೊಳಗೆ ಏನೋ ಹಾಲುಕ್ಕಿದ ಹಾಗೆ ಉಕ್ಕಿತು. ಇದ್ದಾನೆ. ಕೇಳಿಸಿಕೊಂಡಿದ್ದಾನೆ, ಮೀಸೆ ಬೋಳಿಸಿದ ದಿನ ಕನ್ನಡಿ ತೋರಿಸಿ ಆಡಿದ್ದನ್ನೂ, ನೊಣವನ್ನೂ, ಎಲ್ಲವನ್ನೂ. ಮದುವೆಯಾದ ಮೇಲೆ ಮೊದಲ ಸಲ ಅವಳ ಒಂದು ಮಾತಿಗೆ ಅವನು ತಿರುಗಿ ನೋಡಿದ್ದ.

"ನಿಮ್ಮನ್ನೇ ಕೇಳ್ತಿರೋದು ಅಮ್ಮ," ಡಾಕ್ಟರು ಇಬ್ಬರನ್ನೂ ಸೇರಿಸಿ ಅಂದರು. "ಈ ಪದಕ್ಕೂ ಇವರಿಗೂ ಏನಾದ್ರೂ ಸಂಬಂಧ ಇದೆಯಾ? ಯಾರಾದ್ರೂ ಹಾಗೆ ಕರೀತಿದ್ರಾ, ಇವರೇ ಯಾರನ್ನಾದ್ರೂ ಕರೀತಿದ್ರಾ? ಸುಮ್ಮನೆ ಕೇಳ್ತಿಲ್ಲ. ಇದೆ ಅಂದ್ರೆ ಲೆಕ್ಕವೇ ಬೇರೆ."

ಅತ್ತೆ ಸೆರಗು ಸರಿಮಾಡಿಕೊಂಡಳು. ಅವಳ ಮುಖಕ್ಕೆ ರಕ್ತ ಏರಿದ್ದನ್ನು ಭಾನುಪ್ರಿಯ ಕಂಡಳು. ಓದಿದ ಡಾಕ್ಟರ ಮುಂದೆ, ಬಿಳಿ ಕೋಟಿನ ಹುಡುಗಿಯ ಮುಂದೆ, ಮಗ ಕಟ್ಟಿಕೊಂಡವಳನ್ನು ದನದ ಗೂಟ ಅಂತ ಕರೆಯುತ್ತಿದ್ದ, ನಾನು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದೆ ಅಂತ ಯಾವ ತಾಯಿ ಹೇಳುತ್ತಾಳೆ? ಡಾಕ್ಟರು ಕೇಳಿದ್ದು ಮಿದುಳಿನ ವಿಷಯ. ದೊಡ್ಡಲಕ್ಷ್ಮಮ್ಮನಿಗೆ ಕೇಳಿಸಿದ್ದು ಪಂಚಾಯ್ತಿ.

"ಏನ್ ಸಂಬಂಧ ಸಾಮಿ? ದನ ಕಟ್ಟೋ ಗೂಟ," ಅಂದಳು, ಒಂದು ಕ್ಷಣವೂ ತಡಮಾಡದೆ. "ನನ್ ಮಗ ಅಂಥ ಮಾತೆಲ್ಲ ಆಡೋನಲ್ಲ. ಚಿನ್ನದಂಥೋನು. ಬೇಕಾದ್ರೆ ಊರಲ್ಲಿ ಕೇಳಿ."

ಚೈತನ್ಯ ತಲೆಯೆತ್ತಿದಳು. "ನೀವು ಹೇಳಿ ಮೇಡಂ."

ಗಾಜಿನ ಆಚೆ ಟೊಪ್ಪಿಯ ತಲೆ ಸೂರು ನೋಡುತ್ತಿತ್ತು. ಒಂದು ಮಾತು. ಹೌದು ಸಾರ್, ನಾನ್ ಕರೀತೀನಿ ಅಂದರೆ ಅವನನ್ನು ಇಲ್ಲೇ ಇರಿಸಿಕೊಳ್ಳುತ್ತಾರೆ. ಹೌದು ಸಾರ್, ಅವರು ನನ್ನ ಹಾಗೆ ಕರೀತಿದ್ರು ಅಂದರೂ ಸಾಕು, ಇರಿಸಿಕೊಳ್ಳುತ್ತಾರೆ. ಅತ್ತೆ ಅವಳನ್ನು ನೋಡುತ್ತಿದ್ದಳು, ಹೇಳಬೇಡ ಕಣೇ, ಮಾನ ಕಳೀಬೇಡ, ಅಂತ ಕಣ್ಣಲ್ಲೇ ಬೇಡುತ್ತಿದ್ದಳು. ಮಗನನ್ನು ಬಾವಿಯಿಂದ ಎತ್ತುವ ಹಗ್ಗವನ್ನೇ ಬಿಡು ಅಂತ ಬೇಡುತ್ತಿರುವುದು ಆ ಮುದುಕಿಗೆ ತಿಳಿದಿರಲಿಲ್ಲ. ಭಾನುಪ್ರಿಯಳಿಗೆ ತಿಳಿದಿತ್ತು.

"ಇಲ್ಲ ಮೇಡಂ," ಅಂದಳು. "ಮನೇಲಿ ಹಸ ಐತಲ್ಲ. ಅದ್ಕೆ ಬಾಯಿಗ್ ಬಂತು."

"ಹಾಗಾದ್ರೆ ಅದು ಗದ್ದಲ," ಡಾಕ್ಟರು ಎದ್ದರು. "ಬೆವರಿದ್ದಕ್ಕೋ, ತಂತಿ ಅಲ್ಲಾಡಿದ್ದಕ್ಕೋ. ಆಗುತ್ತೆ ಒಂದೊಂದ್ಸಲ. ನೋಡಿಮ್ಮ, ಒಂದೇ ಪರೀಕ್ಷೆಯಿಂದ ಖಂಡಿತ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಕೇಳಿಸಿಕೊಳ್ತಿರೋ ಗುರುತು ಸಿಕ್ಕಲಿಲ್ಲ. ವಾರ್ಡಿಗೆ ಸೇರಿಸಿಕೊಂಡು ಉಪಯೋಗ ಇಲ್ಲ. ಮನೇಲೇ ನೋಡ್ಕೊಳ್ಳಿ. ಮಾತಾಡಿಸ್ತಾ ಇರಿ, ಅದನ್ನ ಮಾತ್ರ ಬಿಡಬೇಡಿ."

ದೊಡ್ಡಲಕ್ಷ್ಮಮ್ಮ ಅಳಲಿಲ್ಲ. ಬರುವಾಗ ಹಿಂದೆ ಮಗನ ಎದೆ ಹಿಡಿದು ಕೂತಿದ್ದವಳು ಹೋಗುವಾಗ ಮುಂದೆ ಹತ್ತಿ ಪೀರ್ ಸಾಬನ ಪಕ್ಕ ಕೂತಳು. "ಏನಂದ್ರಮ್ಮ ಡಾಕ್ಟ್ರು?" ಅಂತ ಅವನು ಕೇಳಿದ್ದಕ್ಕೆ, "ಯಾರೂ ಇಲ್ವಂತೆ ಕಣಪ್ಪ," ಅಂದಳು, ಬಾಡಿಗೆ ಮನೆ ನೋಡಿ ಬಂದವರ ಹಾಗೆ. ಬಂಡೆಗಳು ಬಂದವು, ಮಾಗಡಿ ಬಂತು, ಬಸ್ ಸ್ಟ್ಯಾಂಡು ಬಂತು. ಯಾರೂ ಯಾರಿಗೂ ತೋರಿಸಲಿಲ್ಲ. ಹಿಂದೆ ಭಾನುಪ್ರಿಯ ಅವನ ಕೂದಲಲ್ಲಿ ಒಣಗಿ ಹಕ್ಕಳೆ ಕಟ್ಟಿದ ಅಂಟನ್ನು ಉಗುರಿನಿಂದ ಬಿಡಿಸುತ್ತ ಬಂದಳು. ಕೈ ಅವನ ಕಿವಿಯ ಹತ್ತಿರ ಹೋದಾಗಲೆಲ್ಲ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು, ನಿದ್ದೆಯಲ್ಲಿದ್ದವರನ್ನು ಎಬ್ಬಿಸಿಬಿಟ್ಟೇನು ಅನ್ನುವ ಹಾಗೆ. ನಿದ್ದೆಯಲ್ಲಿಲ್ಲ, ಎಚ್ಚರವಾಗಿದ್ದಾನೆ. ಅವನು ಇಲ್ಲಿದ್ದಾನೆ ಅಂತ ಈ ಭೂಮಿಯ ಮೇಲೆ ಈಗ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬ ಅವನು. ಈ ಯೋಚನೆಯಲ್ಲಿ ಒಂದು ಸಲಿಗೆ ಇತ್ತು, ಮೊದಲ ರಾತ್ರಿಯಲ್ಲೂ ಅವಳಿಗೆ ಸಿಕ್ಕಿರದಂಥದ್ದು. ಅವನನ್ನು ಒಳಗೆ ಹಾಕಿ ಮುಚ್ಚಿದ ಬೀಗದ ಕೈ ತನ್ನ ಸೊಂಟದಲ್ಲಿದೆ ಅನ್ನುವುದು ತಿಳಿಯುತ್ತ ತಿಳಿಯುತ್ತ ಅವಳು ವ್ಯಾನಿನ ಕಿಟಕಿಗೆ ಮುಖವಿಟ್ಟು ಗಾಳಿ ಕುಡಿದಳು.

ಸಂಜೆ ಅತ್ತೆ ಹಾಲು ಕರೆದು ಬಂದು ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡಳು. ಒಳಗೆ ಬಂದು ಮಗನ ಕಾಲು ಒತ್ತುವ ಹೊತ್ತು ಅದು. ಬರಲಿಲ್ಲ. ಕೂತಲ್ಲಿಂದಲೇ ಕೂಗಿದಳು:

"ಗಂಜಿ ಬಿಟ್ಯೇನೇ ಅದುಕ್ಕೆ?"

ಭಾನುಪ್ರಿಯಳಿಗೆ ಮೊದಲು ಕರುವಿನ ವಿಷಯ ಅನ್ನಿಸಿತು. ಕೈಯಲ್ಲಿದ್ದ ಗಂಜಿಯ ಲೋಟ ನೋಡಿದ ಮೇಲೆ ಅರ್ಥವಾಯಿತು. ಬೆಳಗ್ಗೆ ತನಕ ಅವನು, ನನ್ ಮಗ, ನನ್ ಕಂದ. ಈಗ ಅದು. ಅವಳು ತಿರುಗಿ ಮಂಚದ ಕಡೆ ನೋಡಿದಳು. ಕಣ್ಣು ತೆರೆದೇ ಇತ್ತು, ಮೂಲೆಯಲ್ಲಿ ನೀರು ತುಂಬಿತ್ತು. ಒಲೆಯ ಹೊಗೆ ಇರಬಹುದು. ಇಲ್ಲಿ ಪರದೆ ಇರಲಿಲ್ಲ, ಗೆರೆ ಇರಲಿಲ್ಲ. ಅವನಮ್ಮ ಅಂದ ಆ ಎರಡಕ್ಷರಕ್ಕೆ ಒಳಗೆ ಯಾವ ಬಂಡೆ ಎದ್ದಿತೋ ಯಾವ ಬಂಡೆ ಒಡೆಯಿತೋ ಯಾರಿಗೂ ಕಾಣುವ ಹಾಗಿರಲಿಲ್ಲ.

"ಈಗ ಬುಡ್ತೀನಿ ಅತ್ತೆ," ಅಂದಳು.

ಬಾಗಿಲು ಮುಂದಕ್ಕೆ ಮಾಡಿದಳು. ಸಿರಿಂಜಿಗೆ ಗಂಜಿ ತುಂಬಿ ನಳಿಗೆಗೆ ಸಿಕ್ಕಿಸಿ ಎತ್ತಿ ಹಿಡಿದಳು. ವರ್ಷವೆಲ್ಲ ಯಾರೂ ಇಲ್ಲದ ಕೋಣೆಯಲ್ಲಿ ಸಲೀಸಾಗಿ ಹರಿದಿದ್ದ ನಾಲಿಗೆ, ಎದುರಿಗೆ ಒಬ್ಬ ಗಂಡಸು ಇದ್ದಾನೆ ಅಂದ ಕೂಡಲೇ ಹಳೆಯ ನಾಲಿಗೆಯಾಗಿಬಿಟ್ಟಿತು. ರೀ ಅನ್ನುವುದು ತುಟಿಯ ತನಕ ಬಂತು. ಕ್ಷಮಿಸಿ ಅನ್ನಬಹುದು. ನಾಳೆ ಪೀರ್ ಸಾಬನಿಗೆ ಫೋನು ಮಾಡಬಹುದು, ಆ ಹುಡುಗಿಗೆ ಹೇಳಬಹುದು. ಗಂಜಿ ಮೆಲ್ಲಗೆ ಇಳಿಯುತ್ತಿತ್ತು. ಬಗ್ಗಿ, "ಮಧು," ಅಂದು ನೋಡಿದಳು. ಆ ಹೆಸರಿಗೆ ಅವನೂ ಇಲ್ಲ, ಅವಳೂ ಇಲ್ಲ, ಅದು ಪರೀಕ್ಷೆಯ ಕೋಣೆಯಲ್ಲೇ ಸತ್ತುಹೋಗಿತ್ತು. ಎದ್ದ ಆ ದಿಬ್ಬ ಯಾರದು? ವರ್ಷದಿಂದ ಕೇಳಿ ಕೇಳಿ ತನ್ನದಾದ ಹೆಸರಿಗೆ ಓಗೊಟ್ಟನೋ, ಇಲ್ಲ, ಗೂಟ ಎಲ್ ಸತ್ಲು ಅಂತ ಒಳಗಿನ ಕತ್ತಲಲ್ಲಿ ನಿಂತು ಅವಳನ್ನೇ ಕೂಗಿದನೋ? ಕೂಗಿದ್ದೇ ಆಗಿದ್ದರೆ, ನೀರು ಕೇಳಲು ಕೂಗಿದನೋ, ಬಾ ಅಂತ ಕೂಗಿದನೋ? ರೆಪ್ಪೆಯನ್ನೇ ನೋಡುತ್ತ ಬಹಳ ಹೊತ್ತು ನಿಂತಳು. ರೆಪ್ಪೆ ಅಲ್ಲಾಡಲಿಲ್ಲ.

"ಅಲ್ಲೇನೇ ಗೂಟದಂಗೆ ನಿಂತ್ಬುಟ್ಟೆ? ಒಲೆ ಮ್ಯಾಲೆ ಎಸ್ರು ಉಕ್ತಾ ಐತೆ!" ಜಗಲಿಯಿಂದ ಅತ್ತೆ ಕೂಗಿದಳು.

ಭಾನುಪ್ರಿಯ ಒಲೆಯ ಕಡೆ ಹೋಗಲಿಲ್ಲ. ಒಂದು ಕೈಯಲ್ಲಿ ಸಿರಿಂಜು ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ಮಂಚದ ಪಕ್ಕಕ್ಕೆ ಹಾಕಿದಳು. ಅವನು ಊಟ ಮಾಡುವಾಗ ಅವಳು ಎಂದೂ ಕೂತಿರಲಿಲ್ಲ, ಈ ಒಂದು ವರ್ಷದಲ್ಲೂ ಕೂತಿರಲಿಲ್ಲ. ಈಗ ಕೂತಳು. ಕಾಲ ಮೇಲೆ ಕಾಲು ಹಾಕಿಕೊಂಡಳು. ಎಸರು ಉಕ್ಕಿ ಒಲೆಯ ಮೇಲೆ ಚುರ್ ಅಂದದ್ದು ಕೇಳಿಸಿತು. ಅವನಿಗೂ ಕೇಳಿಸಿರಬೇಕು. ಬಗ್ಗಿ, ಕಿವಿಯ ಮೇಲೆ ಬಿದ್ದಿದ್ದ ಒಂದು ಕೂದಲನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿದಳು.

"ಗೂಟ," ಅಂದಳು. "ನಿನ್ನೆ ಎಲ್ಲಿಗ್ ನಿಲ್ಸಿದ್ದೆ? ಹಾಂ. ಬಿಡದೀಲಿ, ಇಡ್ಲಿ ಹೋಟ್ಲಲ್ಲಿ. ನೀನೂ ನಿನ್ ಫ್ರೆಂಡ್ಸೂ ಕೂತಿದ್ರಿ. ನಾನು ನಿಂತಿದ್ದೆ."